ರೂಪಾಯಿ ಲೆಕ್ಕ ಇದೆ, ಲೀಟರ್ ಲೆಕ್ಕ ಎಲ್ಲಿ? ಮುಖ್ಯ ಕಾರ್ಯದರ್ಶಿಗಳಿಗೆ ಒಂದು ಬಹಿರಂಗ ಪತ್ರ

ಗೆ,
ಮಾನ್ಯ ಮುಖ್ಯ ಕಾರ್ಯದರ್ಶಿಗಳು,
ಕರ್ನಾಟಕ ಸರ್ಕಾರ, ವಿಧಾನಸೌಧ, ಬೆಂಗಳೂರು.

ವಿಷಯ: ಸರ್ಕಾರಿ ಕಚೇರಿ, ನಿಗಮ, ಮಂಡಳಿಗಳು ಸುಡೋ ಡೀಸೆಲ್ ಮತ್ತು ಬಳಸೋ ಕರೆಂಟಿನ ಲೆಕ್ಕವನ್ನ ಪ್ರತಿ ವರ್ಷ ಜನರ ಮುಂದೆ ಇಡೋ ಬಗ್ಗೆ.

ಮಾನ್ಯರೇ,

ನಮಸ್ಕಾರ. ನಾನು ರಾಜ್ಯ ಸರ್ಕಾರದ ಒಂದು ಇಲಾಖೇಲಿ ಎಸ್‌ಡಿಎ ಆಗಿ ಸೇರಿ ಅಕೌಂಟ್ಸ್ ಸೂಪರಿಂಟೆಂಡೆಂಟ್ ಆಗಿ ರಿಟೈರ್ ಆದೋನು. ತಾಲ್ಲೂಕು, ಜಿಲ್ಲೆ, ಕೊನೆಗೆ ಬೆಂಗಳೂರು ಅಂತ ಊರು ಬದಲಾದ್ರೂ ಟೇಬಲ್ ಮೇಲೆ ಬರ್ತಿದ್ದದ್ದು ಮಾತ್ರ ಅದೇ, ಕರೆಂಟ್ ಬಿಲ್ಲು, ಡೀಸೆಲ್ ಬಿಲ್ಲು, ಬಾಡಿಗೆ ಕಾರಿನ ಬಿಲ್ಲು, ಜನರೇಟರ್ ರಿಪೇರಿ ಬಿಲ್ಲು. ಎಲ್ಲಾನೂ ಚೆಕ್ ಮಾಡಿ, ಯಾವ ಬಾಬ್ತಿನ ಖರ್ಚು ಅಂತ ಲೆಕ್ಕಶೀರ್ಷಿಕೆ ಹಾಕಿ, ಬಿಲ್ಲು ಮಂಜೂರು ಮಾಡೋ ಅಧಿಕಾರಿ (ಡಿಡಿಓ) ಸೈನ್ ಆಗಿ ಖಜಾನೆಗೆ ಹೋಗ್ತಿತ್ತು, ಹತ್ತು ರೂಪಾಯಿ ವ್ಯತ್ಯಾಸ ಬಂದ್ರೂ ಮಹಾಲೇಖಪಾಲರ (ಎಜಿ) ಆಡಿಟ್‌ನೋರು ಆಕ್ಷೇಪಣೆ ಹಾಕ್ತಿದ್ರು. ಅಷ್ಟು ಬಿಗಿಯಾದ ವ್ಯವಸ್ಥೆ ನಮ್ಮದು. ಆದ್ರೆ ಇಡೀ ರಾಜ್ಯ ಸರ್ಕಾರ ಒಂದು ವರ್ಷಕ್ಕೆ ಎಷ್ಟು ಲೀಟರ್ ಡೀಸೆಲ್ ಸುಡ್ತು, ಎಷ್ಟು ಯೂನಿಟ್ ಕರೆಂಟ್ ಉಪಯೋಗಿಸ್ತು, ಅದರಿಂದ ಎಷ್ಟು ಟನ್ ಕಾರ್ಬನ್ ಡೈಆಕ್ಸೈಡ್ ಗಾಳಿಗೆ ಸೇರ್ತು ಅಂತ ಒಂದೇ ಕಡೆ ಕೂಡಿಸಿ ಜನರ ಮುಂದೆ ಇಟ್ಟಿದ್ದನ್ನ ನಾನಂತೂ ನೋಡಿಲ್ಲ. ಈ ಪತ್ರ ಅದರ ಬಗ್ಗೆನೇ.

ನಾನು ಕೇಳ್ತಿರೋದು ಹೊಸ ಯೋಜನೆ ಅಲ್ಲ, ಹೊಸ ಪೋರ್ಟಲ್ ಅಲ್ಲ, ಕನ್ಸಲ್ಟೆಂಟ್‌ಗೆ ಟೆಂಡರ್ ಕರೀರಿ ಅಂತಾನೂ ಅಲ್ಲ. ತಮ್ಮ ಸೈನ್ ಇರೋ ಒಂದು ಸುತ್ತೋಲೆ ಸಾಕು. ಪ್ರತಿ ಇಲಾಖೆ, ಪ್ರತಿ ನಿಗಮ, ಪ್ರತಿ ಮಂಡಳಿ ತನ್ನ ಯೂನಿಟ್ ಮತ್ತು ಲೀಟರ್ ಲೆಕ್ಕವನ್ನ ವರ್ಷಕ್ಕೊಂದ್ಸಲ ತನ್ನ ವೆಬ್‌ಸೈಟಲ್ಲಿ ಹಾಕ್ಬೇಕು ಅಂತ. ಮಾಹಿತಿ ಹಕ್ಕು ಕಾಯ್ದೆಯ ಸೆಕ್ಷನ್ 4(1)(ಬಿ) ಅಡಿ ಈಗಾಗಲೇ ಎಲ್ಲಾ ಕಚೇರಿಗಳು ಅಧಿಕಾರಿಗಳ ಸಂಬಳ, ಬಜೆಟ್ಟು, ಕರ್ತವ್ಯ ಎಲ್ಲಾ ತಾವಾಗೇ ಪ್ರಕಟ ಮಾಡ್ಬೇಕು ತಾನೇ, ಅದರ ಜೊತೆ ಇನ್ನೊಂದು ಪುಟ.

ದೊಡ್ಡ ಕಂಪನಿಗಳಿಗೆ ಇಂಥ ನಿಯಮ ಬಂದು ವರ್ಷಗಳೇ ಆದ್ವು. ಷೇರು ಮಾರ್ಕೆಟ್ಟಲ್ಲಿ ಲಿಸ್ಟ್ ಆಗಿರೋ ದೊಡ್ಡ 1000 ಕಂಪನಿಗಳು 2022-23ರಿಂದ ಪ್ರತಿ ವರ್ಷ ತಮ್ಮ ಇಂಧನ ಬಳಕೆ, ಇಂಗಾಲದ (ಅಂದ್ರೆ ಗಾಳಿಗೆ ಬಿಟ್ಟ ಕಾರ್ಬನ್ ಡೈಆಕ್ಸೈಡಿನ) ಲೆಕ್ಕ ಎಲ್ಲಾ ವರದಿ ಮಾಡ್ಲೇಬೇಕು ಅಂತ ಷೇರು ಮಾರ್ಕೆಟ್ ನೋಡ್ಕೊಳ್ಳೋ ಸೆಬಿ ಕಡ್ಡಾಯ ಮಾಡಿದೆ. ಹಾಗಾಗಿ ಬೆಂಗಳೂರಲ್ಲೇ ಹೆಡ್ ಆಫೀಸ್ ಇರೋ ಎಚ್‌ಎಎಲ್, ಬಿಇಎಲ್, ಕೆನರಾ ಬ್ಯಾಂಕಿನ ಲೆಕ್ಕ ಯಾರು ಬೇಕಾದ್ರೂ ಓದಬಹುದು. ಆದ್ರೆ ಕರೆಂಟ್ ತಯಾರಿಸೋ ಕೆಪಿಸಿಎಲ್, ಅದನ್ನ ಸಾಗಿಸೋ ಕೆಪಿಟಿಸಿಎಲ್, ಬೆಂಗಳೂರಿಗೆ ನೀರು ಕೊಡೋ ಬಿಡಬ್ಲ್ಯುಎಸ್‌ಎಸ್‌ಬಿ, ಬಿಎಂಟಿಸಿ, ಕೆಎಸ್‌ಆರ್‌ಟಿಸಿ ಇವೆಲ್ಲಾ ಲಿಸ್ಟ್ ಆಗಿಲ್ಲ, ನಮ್ಮದೇ ಸರ್ಕಾರದ್ದು, ಅಂದ್ರೆ ಜನರದ್ದು, ಇವುಗಳಿಗೆ ಆ ನಿಯಮ ಅನ್ವಯ ಆಗಲ್ಲ. ಷೇರುದಾರರಿಗೆ ಸಿಗೋ ಮಾಹಿತಿ ಪ್ರಜೆಗಳಿಗೆ ಸಿಗದೇ ಇರೋದು ನನಗೆ ಸರಿ ಕಾಣಲ್ಲ.

ಈ ಲೆಕ್ಕದ ಪದ್ಧತಿ ಏನೂ ಕಷ್ಟದ್ದಲ್ಲ. ಹಸಿರುಮನೆ ಅನಿಲಗಳನ್ನ ಲೆಕ್ಕ ಹಾಕೋಕೆ ಜಗತ್ತಿನಾದ್ಯಂತ ಬಳಸೋ ಜಿಎಚ್‌ಜಿ ಪ್ರೋಟೋಕಾಲ್ ಪ್ರಕಾರ ಮೂರು ಭಾಗ ಮಾಡ್ತಾರೆ. ನಮ್ಮ ಜೀಪು, ನಮ್ಮ ಜನರೇಟರ್, ನಮ್ಮ ಬಾಯ್ಲರಲ್ಲಿ ನಾವೇ ಸುಟ್ಟಿದ್ದು ಸ್ಕೋಪ್ 1. ಹೊರಗಿಂದ ಕೊಂಡ ಕರೆಂಟು ಸ್ಕೋಪ್ 2. ಇನ್ನು ಬಾಡಿಗೆ ಗಾಡಿ, ಕಂಟ್ರಾಕ್ಟರ್ ಕೆಲಸ, ಸಿಮೆಂಟು ಕಬ್ಬಿಣ, ವಿಮಾನ ಪ್ರಯಾಣ, ಇವೆಲ್ಲಾ ಸ್ಕೋಪ್ 3. ಒಂದು ಲೀಟರ್ ಡೀಸೆಲ್ ಸುಟ್ರೆ ಹತ್ತಿರ ಹತ್ತಿರ 2.7 ಕೆಜಿ ಕಾರ್ಬನ್ ಡೈಆಕ್ಸೈಡ್, ಪೆಟ್ರೋಲ್ ಆದ್ರೆ 2.3 ಕೆಜಿ. ಒಂದು ಯೂನಿಟ್ ಕರೆಂಟಿಗೆ ಎಷ್ಟು ಅನ್ನೋದನ್ನ ಕೇಂದ್ರ ವಿದ್ಯುತ್ ಪ್ರಾಧಿಕಾರ ಪ್ರಕಟ ಮಾಡ್ತಾ ಬಂದಿದೆ, ಇತ್ತೀಚಿನ ವರ್ಷಗಳಲ್ಲಿ ದೇಶದ ಸರಾಸರಿ 0.7 ಕೆಜಿ ಆಸುಪಾಸು. ಗುಣಾಕಾರ ಬರೋ ಯಾವ ಕೇಸ್ ವರ್ಕರ್ ಬೇಕಾದ್ರೂ ಮಾಡಬಹುದು.

ಮಾಹಿತಿ ಎಲ್ಲಿಂದ ತರೋದು ಅಂತ ಕೇಳ್ತಾರೆ. ಮಾಹಿತಿ ಕಚೇರಿಯಲ್ಲೇ ಬಿದ್ದಿದೆ. ಸರ್ಕಾರಿ ಜೀಪಿನ ಲಾಗ್ ಬುಕ್ ತೆಗೆದು ನೋಡಿ. ದಿನಾಂಕ, ಎಲ್ಲಿಂದ ಎಲ್ಲಿಗೆ, ಹೊರಟಾಗ ಮೀಟರ್ ಎಷ್ಟು, ವಾಪಸ್ ಬಂದಾಗ ಎಷ್ಟು, ಯಾವ ಉದ್ದೇಶಕ್ಕೆ, ಹಾಕಿಸಿದ ಡೀಸೆಲ್ ಎಷ್ಟು ಲೀಟರ್, ಉಪಯೋಗಿಸಿದ ಅಧಿಕಾರಿ ಸೈನು. ತಿಂಗಳ ಕೊನೇಲಿ ಡ್ರೈವರ್ ಕೆಂಪು ಪೆನ್ನಲ್ಲಿ ಅಡಿಗೆರೆ ಎಳೆದು ಒಟ್ಟು ಕಿಲೋಮೀಟರ್, ಒಟ್ಟು ಲೀಟರ್, ಲೀಟರಿಗೆ ಎಷ್ಟು ಕೊಡ್ತು ಅಂತ ಬರೀತಾನೆ. ಇಂಗಾಲದ ಲೆಕ್ಕಕ್ಕೆ ಬೇಕಾಗಿರೋ ಮಾಹಿತಿ ಅಷ್ಟೇ, ಪ್ರತಿ ತಾಲ್ಲೂಕಲ್ಲೂ ನೀಟಾಗಿ ಬರೆದಿಟ್ಟಿದ್ದಾರೆ. ಆದ್ರೆ ಬಿಲ್ಲು ಪಾಸಾಗೋ ಹೊತ್ತಿಗೆ ಆ ಲೀಟರ್ ಹಿಂದೆ ಉಳಿದುಬಿಡುತ್ತೆ, ರೂಪಾಯಿ ಮಾತ್ರ ಮುಂದೆ ಹೋಗುತ್ತೆ. ಸಾರಿಗೆ ವೆಚ್ಚ ಇಷ್ಟು, ಕಟ್ಟಡ ವೆಚ್ಚ ಇಷ್ಟು. ಡೀಸೆಲ್ ರೇಟು ಏರಿದ್ರೂ ಖರ್ಚು ಜಾಸ್ತಿ ಆಗುತ್ತೆ, ಓಡಾಟ ಜಾಸ್ತಿ ಆದ್ರೂ ಖರ್ಚು ಜಾಸ್ತಿ ಆಗುತ್ತೆ, ಮೇಲೆ ಕೂತು ನೋಡೋರಿಗೆ ಯಾವುದು ಯಾವುದು ಅಂತ ಗೊತ್ತಾಗಲ್ಲ. ಸರ್ಕಾರಿ ಬಿಲ್ಲುಗಳ ಆನ್‌ಲೈನ್ ವ್ಯವಸ್ಥೆ ಖಜಾನೆ-2ರಲ್ಲಿ ಕರೆಂಟ್ ಬಿಲ್ಲು, ಇಂಧನ ಬಿಲ್ಲು ಹಾಕುವಾಗ ಯೂನಿಟ್ ಎಷ್ಟು, ಲೀಟರ್ ಎಷ್ಟು ಅಂತ ತುಂಬಿದ್ರೆ ಮಾತ್ರ ಬಿಲ್ಲು ಮುಂದಕ್ಕೆ ಹೋಗೋ ಹಾಗೆ ಮಾಡಿ. ಆ ಒಂದು ಕಾಲಂ ಬಂದ್ರೆ ಅರ್ಧ ಕೆಲಸ ಮುಗೀತು.

ಒಂದು ಎಚ್ಚರಿಕೆ ಇಲ್ಲೇ ಹೇಳಿಬಿಡ್ತೀನಿ. ಈಗೀಗ ಇಲಾಖೆ ಗಾಡಿಗಿಂತ ಹೊರಗುತ್ತಿಗೆ ಬಾಡಿಗೆ ಗಾಡಿಗಳು ಜಾಸ್ತಿ. ತಿಂಗಳಿಗೆ ಇಷ್ಟು ಅಂತ ಒಟ್ಟು ಮೊತ್ತದ ಬಿಲ್ಲು ಬರುತ್ತೆ, ಅದರಲ್ಲಿ ಲೀಟರ್ ಕಾಣ್ಸಲ್ಲ. 15 ವರ್ಷ ದಾಟಿದ ಸರ್ಕಾರಿ ವಾಹನ ಓಡಿಸೋ ಹಾಗಿಲ್ಲ ಅಂತ 2023ರ ಏಪ್ರಿಲ್‌ನಿಂದ ನಿಯಮ ಬಂದಿದೆ, ಹಳೇ ಜೀಪು ಗುಜರಿಗೆ ಹೋಗಿ ಅದರ ಜಾಗಕ್ಕೆ ಬಾಡಿಗೆ ಕಾರು ಬಂದ್ರೆ ಕಾಗದದ ಮೇಲೆ ಇಲಾಖೆ ಡೀಸೆಲ್ ಸೊನ್ನೆ ಆಗುತ್ತೆ, ರಸ್ತೆ ಮೇಲೆ ಅದೇ ಹೊಗೆ ಇರುತ್ತೆ. ಹಾಗಾಗಿ ಬಾಡಿಗೆ ಗಾಡಿ ಟೆಂಡರ್ ಕಂಡೀಷನ್ನಲ್ಲೇ ಪ್ರತಿ ತಿಂಗಳು ಕಿಲೋಮೀಟರ್ ಮತ್ತು ಇಂಧನದ ವಿವರ ಕೊಡ್ಬೇಕು ಅಂತ ಸೇರಿಸಬೇಕು, ಇಲ್ಲಾಂದ್ರೆ ಈ ಲೆಕ್ಕಕ್ಕೆ ಅರ್ಥ ಇರಲ್ಲ.

ಕರೆಂಟಿನ ವಿಷಯಕ್ಕೆ ಕಚೇರಿಗಳನ್ನ ಕೇಳೋದೇ ಬೇಡ. ಬೆಸ್ಕಾಂ, ಮೆಸ್ಕಾಂ, ಸೆಸ್ಕ್, ಹೆಸ್ಕಾಂ, ಜೆಸ್ಕಾಂ, ಕರೆಂಟ್ ಹಂಚೋ ಈ ಐದೂ ಕಂಪನಿಗಳ (ಎಸ್ಕಾಂಗಳ) ಬಿಲ್ಲಿಂಗ್ ಸಿಸ್ಟಂನಲ್ಲಿ ಪ್ರತಿ ಸರ್ಕಾರಿ ಕಟ್ಟಡದ ಆರ್.ಆರ್. ನಂಬರ್, ಅಂದ್ರೆ ಕರೆಂಟ್ ಕನೆಕ್ಷನ್ ನಂಬರ್ ಇದೆ. ಯಾವ ಆರ್.ಆರ್. ನಂಬರ್ ಯಾವ ಇಲಾಖೆಯದ್ದು ಅಂತ ಒಂದ್ಸಲ ಮ್ಯಾಪ್ ಮಾಡಿಸಿದ್ರೆ ಸಾಕು, ಆಮೇಲೆ ಪ್ರತಿ ತಿಂಗಳು ಇಲಾಖಾವಾರು ಯೂನಿಟ್ ಪಟ್ಟಿ ತಾನಾಗೇ ಬರುತ್ತೆ. ಈ ಮ್ಯಾಪಿಂಗ್ ಶುರು ಮಾಡಿದ್ರೆ ಇನ್ನೂ ಏನೇನೋ ಹೊರಗೆ ಬರುತ್ತೆ ಅಂತ ಅನುಭವದಿಂದ ಹೇಳ್ತೀನಿ. ನಾನಿದ್ದ ಒಂದು ಕಚೇರಿ ಬೇರೆ ಕಟ್ಟಡಕ್ಕೆ ಶಿಫ್ಟ್ ಆಗಿ ಎಷ್ಟೋ ಕಾಲ ಆಗಿದ್ರೂ ಹಳೇ ಕಟ್ಟಡದ ಮೀಟರಿಗೆ ನಮ್ಮ ಹೆಸರಲ್ಲೇ ಬಿಲ್ಲು ಬರ್ತಿತ್ತು, ನಾವೂ ಕಟ್ತಿದ್ವಿ, ಯಾಕಂದ್ರೆ ಅನುದಾನ ಇತ್ತು, ಬಿಲ್ಲು ಸರಿಯಾಗಿತ್ತು, ಕೇಳೋರು ಇರಲಿಲ್ಲ. ಗ್ರಾಮ ಪಂಚಾಯಿತಿಗಳ ಕಥೆ ಎಲ್ಲರಿಗೂ ಗೊತ್ತಿರೋದೇ. ಅವರ ಕರೆಂಟ್ ಬಳಕೆಯಲ್ಲಿ ದೊಡ್ಡ ಪಾಲು ಕುಡಿಯೋ ನೀರಿನ ಬೋರ್‌ವೆಲ್ ಮತ್ತು ಬೀದಿ ದೀಪ, ಎಷ್ಟೋ ಊರಲ್ಲಿ ಬೀದಿ ದೀಪಕ್ಕೆ ಪ್ರತ್ಯೇಕ ಸ್ವಿಚ್ಚೇ ಇಲ್ಲದೆ ಮಟಮಟ ಮಧ್ಯಾಹ್ನನೂ ಉರೀತಿರುತ್ತೆ, ಮೀಟರ್ ಕೆಟ್ಟಿದ್ರೆ ಅಂದಾಜಿನ ಮೇಲೆ ಬಿಲ್ಲು ಬರುತ್ತೆ.

ಸರ್ಕಾರಿ ಶಾಲೆಗಳಿಗೆ ಕರೆಂಟು ಫ್ರೀ ಅಂತ 2023ರ ರಾಜ್ಯೋತ್ಸವದ ದಿನ ಮುಖ್ಯಮಂತ್ರಿಗಳು ಘೋಷಣೆ ಮಾಡಿದ್ರು, ತುಂಬಾ ಒಳ್ಳೇ ಕೆಲಸ, ಕರೆಂಟ್ ಬಿಲ್ಲು ಕಟ್ಟೋಕೆ ಹೆಡ್‌ಮಾಸ್ಟರುಗಳು ಕೈಯಿಂದ ದುಡ್ಡು ಹಾಕೋದು ನಾನು ನೋಡಿದೀನಿ. ಆದ್ರೆ ಬಿಲ್ಲು ಮಾಫಿ ಆದ ಕಡೆ ಯೂನಿಟ್ ಲೆಕ್ಕ ನಿಲ್ಲಬಾರದು. ದುಡ್ಡು ಯಾರು ಕೊಟ್ರೂ ಕರೆಂಟ್ ಅಂತೂ ಖರ್ಚಾಗಿದೆ. ಆ ಲೆಕ್ಕದ ಕೆಲಸ ಮೇಷ್ಟ್ರುಗಳ ತಲೆಗೆ ಕಟ್ಟೋದು ಮಾತ್ರ ಬೇಡ, ಎಸ್ಕಾಂನಿಂದಲೇ ಬರಲಿ.

ಈಗ ದೊಡ್ಡ ವಿಷಯಕ್ಕೆ ಬರ್ತೀನಿ. ಕಚೇರಿಯ ಫ್ಯಾನು ಲೈಟು ಮುಖ್ಯನೇ, ಆದ್ರೆ ಸರ್ಕಾರಿ ವಲಯದ ಇಂಗಾಲದ ಹೆಚ್ಚಿನ ಪಾಲು ಕೆಲವೇ ಸಂಸ್ಥೆಗಳ ಹತ್ರ ಇದೆ. ಬೆಂಗಳೂರಿನ ಕಾವೇರಿ ನೀರನ್ನೇ ತಗೊಳ್ಳಿ. ತೊರೆಕಾಡನಹಳ್ಳಿಯಿಂದ ಹೊರಟು, ಹಾರೋಹಳ್ಳಿ, ತಾತಗುಣಿ ಹೀಗೆ ಮೂರು ಕಡೆ ಪಂಪ್ ಆಗಿ ನೂರು ಕಿಲೋಮೀಟರ್ ಹತ್ತಿರ ಹತ್ತಿರ ಬರುತ್ತೆ. ಎತ್ತರ, ಪೈಪಿನ ಘರ್ಷಣೆ ಎಲ್ಲಾ ಸೇರಿ ಪಂಪುಗಳು ನೀರನ್ನ ಸುಮಾರು 500 ಮೀಟರ್ ಎತ್ತರಕ್ಕೆ ಎತ್ತಿದಷ್ಟು ಕೆಲಸ ಮಾಡ್ಬೇಕು. ಒಂದು ಸಾವಿರ ಲೀಟರ್ ಅಂದ್ರೆ ಒಂದು ಟನ್ ತೂಕ, ಅದನ್ನ 500 ಮೀಟರ್ ಎತ್ತೋಕೆ ಹೈಸ್ಕೂಲ್ ಫಿಸಿಕ್ಸ್ ಲೆಕ್ಕದಲ್ಲೇ 1.36 ಯೂನಿಟ್ ಬೇಕು, ಪಂಪು ಮೋಟಾರು ಎರಡೂ ಸೇರಿ ನೂರಕ್ಕೆ 75ರ ದಕ್ಷತೆ ಅಂತ ಇಟ್ಕೊಂಡ್ರೆ 1.8 ಯೂನಿಟ್. ಅಂದ್ರೆ ನಲ್ಲಿಗೆ ಬರೋ ಪ್ರತಿ ಸಾವಿರ ಲೀಟರ್ ನೀರಿನ ಹಿಂದೆ ಒಂದೂಕಾಲು ಕೆಜಿಯಷ್ಟು ಕಾರ್ಬನ್ ಡೈಆಕ್ಸೈಡ್. 2024ರ ಅಕ್ಟೋಬರ್‌ನಲ್ಲಿ ದಿನಕ್ಕೆ 775 ದಶಲಕ್ಷ ಲೀಟರಿನ (ಎಂಎಲ್‌ಡಿ) ಐದನೇ ಹಂತ ಉದ್ಘಾಟನೆ ಆಯ್ತು, ಹಿಂದಿನ 1450 ಎಂಎಲ್‌ಡಿ ಜೊತೆ ಸೇರಿದ್ರೆ ಒಟ್ಟು 2225 ಎಂಎಲ್‌ಡಿ. ಅಷ್ಟೂ ನೀರು ಎತ್ತಿದ್ರೆ ನನ್ನ ಅಂದಾಜಲ್ಲಿ ದಿನಕ್ಕೆ 40 ಲಕ್ಷ ಯೂನಿಟ್. ರಾಯಚೂರಿನ ಶಾಖೋತ್ಪನ್ನ ಸ್ಥಾವರದ ಒಂದು 210 ಮೆಗಾವಾಟ್ ಘಟಕ 24 ಗಂಟೆ ಫುಲ್ ಲೋಡಲ್ಲಿ ಓಡಿದ್ರೆ ಬರೋದು 50 ಲಕ್ಷ ಯೂನಿಟ್, ಹಾಗಾದ್ರೆ ಬೆಂಗಳೂರಿಗೆ ನೀರು ಎತ್ತೋದಕ್ಕೇ ಅಂಥ ಒಂದು ಘಟಕದ ಬಹುಪಾಲು ಬೇಕು.

ನೀರು ಬೇಡ ಅಂತ ಹೇಳ್ತಿಲ್ಲ, ನಾನೂ ಅದೇ ನೀರು ಕುಡೀತೀನಿ. ಹೇಳ್ತಿರೋದು ಸೋರಿಕೆ ಬಗ್ಗೆ. ಅಷ್ಟು ಕಷ್ಟಪಟ್ಟು ಎತ್ತಿದ ನೀರಲ್ಲಿ ಕಾಲು ಭಾಗ ಲೆಕ್ಕಕ್ಕೆ ಸಿಗದೆ ಹೋದ್ರೆ ಅದರ ಜೊತೆ ದಿನಕ್ಕೆ 10 ಲಕ್ಷ ಯೂನಿಟ್ ಕರೆಂಟೂ ಮಣ್ಣುಪಾಲು. ಸೋರೋ ಪೈಪ್ ಬದಲಾಯಿಸೋ ಪ್ರಸ್ತಾವನೆ ಹೋದಾಗ ಫೈನಾನ್ಸ್‌ನೋರು ನೀರಿನ ಬೆಲೆ ಮಾತ್ರ ನೋಡ್ತಾರೆ. ಆ ಫೈಲಲ್ಲಿ ಉಳಿಯೋ ಯೂನಿಟ್ಟು, ಉಳಿಯೋ ಟನ್ನು ಎರಡೂ ಬರೆದಿದ್ರೆ ಅದೇ ಪ್ರಸ್ತಾವನೆಯ ತೂಕ ಬೇರೆ ಆಗುತ್ತೆ. ಲೆಕ್ಕ ಪ್ರಕಟ ಮಾಡಿ ಅಂತ ನಾನು ಹಠ ಹಿಡಿದಿರೋದು ಇದಕ್ಕೇ. ಇದು ಬರೀ ರಿಪೋರ್ಟ್ ಅಲ್ಲ, ಯಾವ ಕೆಲಸಕ್ಕೆ ಮೊದಲು ದುಡ್ಡು ಕೊಡ್ಬೇಕು ಅನ್ನೋದನ್ನೇ ಬದಲಾಯಿಸುತ್ತೆ. ನನ್ನ 40 ಲಕ್ಷ ಯೂನಿಟ್ ಅಂದಾಜು ತಪ್ಪು ಅಂತ ಮಂಡಳಿ ತನ್ನ ಮೀಟರ್ ರೀಡಿಂಗ್ ಇಟ್ಟು ತೋರಿಸಿದ್ರೆ ನನಗಿಂತ ಖುಷಿ ಪಡೋರು ಯಾರೂ ಇಲ್ಲ.

ಕೆಪಿಸಿಎಲ್ ಬಗ್ಗೆ ಹೆಚ್ಚು ಹೇಳಲ್ಲ. ರಾಯಚೂರು 1720, ಬಳ್ಳಾರಿ 1700, ಯರಮರಸ್ 1600, ಒಟ್ಟು 5020 ಮೆಗಾವಾಟ್ ಕಲ್ಲಿದ್ದಲು ಸಾಮರ್ಥ್ಯ. ಕಲ್ಲಿದ್ದಲಿನ ಒಂದು ಯೂನಿಟ್ ಅಂದ್ರೆ ಹೆಚ್ಚುಕಡಿಮೆ ಒಂದು ಕೆಜಿ ಕಾರ್ಬನ್ ಡೈಆಕ್ಸೈಡ್. ರಾಯಚೂರಿನ ಮೊದಲ ಘಟಕ 1985ರದ್ದು, ಅಷ್ಟು ಹಳೇ ಘಟಕ ಒಂದು ಯೂನಿಟ್‌ಗೆ ಎಷ್ಟು ಕಲ್ಲಿದ್ದಲು ತಿನ್ನುತ್ತೆ, ಹೊಸದು ಎಷ್ಟು ಅಂತ ಘಟಕವಾರು ಲೆಕ್ಕ ಎಂಜಿನಿಯರುಗಳ ಹತ್ರ ದಿನಾ ಇರುತ್ತೆ, ಅದನ್ನ ಹೊರಗೆ ಇಡ್ಬೇಕು ಅಷ್ಟೇ. ಒಂದು ತಾಂತ್ರಿಕ ಮಾತು: ಕೆಪಿಸಿಎಲ್‌ನ ಸ್ಕೋಪ್ 1 ಆಗಿರೋದೇ ಬೇರೆ ಇಲಾಖೆಗಳಿಗೆ ಸ್ಕೋಪ್ 2 ಆಗಿ ಬರುತ್ತೆ, ಹಾಗಾಗಿ ಇಡೀ ಸರ್ಕಾರದ ಒಟ್ಟು ತೆಗೆಯುವಾಗ ಎರಡನ್ನೂ ಕೂಡಬಾರದು, ಕೂಡಿದ್ರೆ ಒಂದೇ ಹೊಗೆ ಎರಡು ಸಲ ಲೆಕ್ಕಕ್ಕೆ ಬರುತ್ತೆ. ಸುತ್ತೋಲೆಯಲ್ಲೇ ಸ್ಪಷ್ಟವಾಗಿ ಬರೆಸಿ.

ಬಸ್ಸಿನ ವಿಷಯ ನನಗೆ ತುಂಬಾ ಹತ್ತಿರದ್ದು, ಸ್ವಲ್ಪ ಉದ್ದ ಆಗುತ್ತೆ, ದಯವಿಟ್ಟು ಓದಿ. ದೇಶದಲ್ಲೇ ಮೊದಲು ಎಲೆಕ್ಟ್ರಿಕ್ ಬಸ್ ಓಡಿಸಿ ನೋಡಿದ್ದು ನಮ್ಮ ಬಿಎಂಟಿಸಿ, 2014ರಲ್ಲಿ. ಈಗ ಸಾವಿರಕ್ಕೂ ಹೆಚ್ಚು ಎಲೆಕ್ಟ್ರಿಕ್ ಬಸ್ಸು ರಸ್ತೆ ಮೇಲಿವೆ, ಹೆಮ್ಮೆ ಪಡೋ ವಿಷಯ. ಆದ್ರೆ ಲೆಕ್ಕ ಹಾಕಿ ನೋಡಿ. ಡೀಸೆಲ್ ಬಸ್ಸು ಲೀಟರಿಗೆ ನಾಲ್ಕೂವರೆ ಕಿಲೋಮೀಟರ್ ಕೊಟ್ರೆ ಕಿಲೋಮೀಟರಿಗೆ 600 ಗ್ರಾಂ ಕಾರ್ಬನ್ ಡೈಆಕ್ಸೈಡ್. 12 ಮೀಟರಿನ ಎಲೆಕ್ಟ್ರಿಕ್ ಬಸ್ಸಿಗೆ ಕಿಲೋಮೀಟರಿಗೆ 1ರಿಂದ 1.3 ಯೂನಿಟ್ ಬೇಕು, ದೇಶದ ಸರಾಸರಿ ಕರೆಂಟಿನ ಲೆಕ್ಕದಲ್ಲಿ 700ರಿಂದ 900 ಗ್ರಾಂ! ಡೀಸೆಲ್ ತೆಗೆದು, ಸಂಸ್ಕರಿಸಿ, ಸಾಗಿಸೋ ಹೊಗೆ ಇದರಲ್ಲಿ ಸೇರಿಲ್ಲ ನಿಜ, ನಮ್ಮ ರಾಜ್ಯದ ಕರೆಂಟಲ್ಲಿ ಗಾಳಿ, ಬಿಸಿಲು, ನೀರಿನ ಪಾಲು ದೇಶದ ಸರಾಸರಿಗಿಂತ ತುಂಬಾ ಜಾಸ್ತಿ ಅನ್ನೋದೂ ನಿಜ, ಸಿಗ್ನಲ್ಲಲ್ಲಿ ನಿಂತೋರ ಮುಖಕ್ಕೆ ಹೊಗೆ ಹೊಡೆಯಲ್ಲ ಅನ್ನೋದಂತೂ ಎಲ್ಲಕ್ಕಿಂತ ದೊಡ್ಡ ನಿಜ. ಎಲೆಕ್ಟ್ರಿಕ್ ಬಸ್ಸು ಬೇಕೇ ಬೇಕು ಅನ್ನೋನು ನಾನು. ಆದ್ರೆ ಡೀಸೆಲ್ ಬಸ್ ತೆಗೆದು ಎಲೆಕ್ಟ್ರಿಕ್ ಹಾಕಿದ ತಕ್ಷಣ ಇಂಗಾಲ ಸೊನ್ನೆ ಆಯ್ತು ಅಂತ ಜಾಹೀರಾತು ಕೊಡೋದು ಸರಿಯಲ್ಲ.

ಇಲ್ಲಿ ಆಟ ಇರೋದು ಚಾರ್ಜ್ ಮಾಡೋ ಟೈಮಲ್ಲಿ. ಬಸ್ಸುಗಳು ಹಗಲು ಓಡಿ ರಾತ್ರಿ ಡಿಪೋದಲ್ಲಿ ಚಾರ್ಜಿಗೆ ನಿಲ್ತಾವೆ, ರಾತ್ರಿ ಕರೆಂಟಲ್ಲಿ ಕಲ್ಲಿದ್ದಲಿನ ಪಾಲು ಜಾಸ್ತಿ. ಅದೇ ಮಧ್ಯಾಹ್ನ 11ರಿಂದ 4ರ ಒಳಗೆ ಪಾವಗಡದ 2050 ಮೆಗಾವಾಟ್ ಸೋಲಾರ್ ಪಾರ್ಕ್ ಉರಿಬಿಸಿಲಲ್ಲಿ ಕರೆಂಟ್ ಸುರೀತಿರುತ್ತೆ, ಪೀಕ್ ಅವರ್ ಕಳೆದು ರೋಡಲ್ಲಿ ಜನಾನೂ ಕಡಿಮೆ. ಆ ಹೊತ್ತಲ್ಲಿ ಪಾಳಿ ಪ್ರಕಾರ ಬಸ್ಸುಗಳನ್ನ ಚಾರ್ಜ್ ಮಾಡಿದ್ರೆ, ಡಿಪೋಗಳ ಶೆಡ್ ಮೇಲೆ ಸೋಲಾರ್ ಹಾಕಿದ್ರೆ, ಅದೇ ಬಸ್ಸಿನ ಇಂಗಾಲ ತುಂಬಾ ಕಡಿಮೆ ಆಗುತ್ತೆ. ಇದು ಗೊತ್ತಾಗಬೇಕಾದ್ರೆ ಡಿಪೋವಾರು, ಗಂಟೆವಾರು ಯೂನಿಟ್ ಬರೀಬೇಕು. ಇನ್ನೊಂದು, ಈ ಎಲೆಕ್ಟ್ರಿಕ್ ಬಸ್ಸುಗಳು ಕಿಲೋಮೀಟರಿಗೆ ಇಷ್ಟು ಅಂತ ಗುತ್ತಿಗೆ ಮೇಲೆ ಓಡೋವು, ಬಸ್ಸಿನ ಮಾಲೀಕರು ಖಾಸಗಿಯವರು. ನಾಳೆ ಲೆಕ್ಕ ಕೇಳಿದಾಗ ನಿಗಮ ನಮ್ಮದಲ್ಲ ಅನ್ನೋದು, ಕಂಪನಿ ಸರ್ಕಾರದ ಸೇವೆ ಅನ್ನೋದು ಆಗಬಾರದು. ಟಿಕೆಟ್ ಮೇಲೆ ಯಾರ ಹೆಸರಿದೆಯೋ ಆ ನಿಗಮದ ಲೆಕ್ಕದಲ್ಲೇ ಬರಲಿ.

ಡೀಸೆಲ್ಲು, ಕರೆಂಟು ಅಲ್ಲದೆ ಯಾರ ಕಣ್ಣಿಗೂ ಬೀಳದ ಗ್ಯಾಸುಗಳಿವೆ. ಸಬ್ ಸ್ಟೇಷನ್ನಿನ ಸರ್ಕ್ಯೂಟ್ ಬ್ರೇಕರ್ ಒಳಗೆ ಎಸ್‌ಎಫ್6 ಅಂತ ಗ್ಯಾಸ್ ತುಂಬಿರ್ತಾರೆ. ಅದು ಒಂದು ಕೆಜಿ ಸೋರಿದ್ರೆ 23 ಸಾವಿರ ಕೆಜಿಗೂ ಮೇಲ್ಪಟ್ಟು ಕಾರ್ಬನ್ ಡೈಆಕ್ಸೈಡಿಗೆ ಸಮ. ತಿಂಗಳಿಗೆ 125 ಲೀಟರ್ ಕುಡಿಯೋ ಒಂದು ತಾಲ್ಲೂಕು ಜೀಪು ಐದಾರು ವರ್ಷ ಓಡಿ ಬಿಡೋಷ್ಟು ಹೊಗೆ ಅದು. ಪ್ರೆಶರ್ ಕಮ್ಮಿ ಆಯ್ತು ಅಂತ ಟಾಪ್ ಅಪ್ ಮಾಡ್ತಾರಲ್ಲ, ಆ ಸಿಲಿಂಡರ್ ಸ್ಟಾಕ್ ರಿಜಿಸ್ಟರೇ ಸೋರಿಕೆಯ ಲೆಕ್ಕ. ಆಸ್ಪತ್ರೆಗಳಲ್ಲಿ ಅರಿವಳಿಕೆಗೆ ಅಂತ ಆಪರೇಷನ್ ಥಿಯೇಟರಿಗೆ ಪೈಪಲ್ಲಿ ಹೋಗೋ ನೈಟ್ರಸ್ ಆಕ್ಸೈಡೂ ಹಾಗೇ, ಒಂದು ಕೆಜಿ ಅಂದ್ರೆ 270 ಕೆಜಿ ಆಸುಪಾಸು ಕಾರ್ಬನ್ ಡೈಆಕ್ಸೈಡಿಗೆ ಸಮ. ಸ್ಕಾಟ್ಲೆಂಡಿನ ಸರ್ಕಾರಿ ಆಸ್ಪತ್ರೆಗಳಲ್ಲಿ ಕೊಂಡ ಸಿಲಿಂಡರ್ ಎಷ್ಟು, ರೋಗಿಗೆ ನಿಜವಾಗಿ ಕೊಟ್ಟಿದ್ದೆಷ್ಟು ಅಂತ ತಾಳೆ ಹಾಕಿದಾಗ ಬಹುಪಾಲು ಪೈಪಲ್ಲೇ ಸೋರಿಹೋಗ್ತಿತ್ತು ಅಂತ ಗೊತ್ತಾಯ್ತು, ಪೈಪ್‌ಲೈನೇ ಬಂದ್ ಮಾಡಿ ಬೇಕಾದಾಗ ಸಣ್ಣ ಸಿಲಿಂಡರ್ ಇಟ್ಕೊಂಡ್ರು. ರೋಗಿಗೆ ಏನೂ ಕಮ್ಮಿ ಆಗಲಿಲ್ಲ, ದುಡ್ಡೂ ಉಳೀತು. ನಮ್ಮ ಮೆಡಿಕಲ್ ಕಾಲೇಜು ಆಸ್ಪತ್ರೆಗಳಲ್ಲಿ ಗ್ಯಾಸ್ ಸಿಲಿಂಡರ್ ಜೋಡಿಸಿಡೋ ಮ್ಯಾನಿಫೋಲ್ಡ್ ರೂಮಲ್ಲೂ ಇದೇ ತಾಳೆ ಒಂದ್ಸಲ ಹಾಕಿಸಿ ನೋಡಿ.

ಹೊರದೇಶದ ಇನ್ನೊಂದು ಅನುಭವಾನೂ ತಮ್ಮ ಗಮನಕ್ಕೆ ತರಬೇಕು, ಇದು ಹೀಗೆ ಮಾಡಬಾರದು ಅನ್ನೋದಕ್ಕೆ. ಕೆನಡಾದ ಬ್ರಿಟಿಷ್ ಕೊಲಂಬಿಯಾ ಪ್ರಾಂತ್ಯದಲ್ಲಿ 2007ರಲ್ಲೇ ಕಾನೂನು ಮಾಡಿ, ಸರ್ಕಾರಿ ಇಲಾಖೆ, ಶಾಲೆ, ಆಸ್ಪತ್ರೆ, ಯೂನಿವರ್ಸಿಟಿ ಎಲ್ಲಾ 2010ರಿಂದ ತಮ್ಮ ಇಂಗಾಲ ಅಳೀಬೇಕು, ಕಡಿಮೆ ಮಾಡ್ಬೇಕು, ಉಳಿದದ್ದಕ್ಕೆ ಟನ್ನಿಗೆ 25 ಡಾಲರ್ ಕೊಟ್ಟು ಆಫ್‌ಸೆಟ್, ಅಂದ್ರೆ ಬೇರೆಯೋರು ಬೇರೆ ಕಡೆ ಕಡಿಮೆ ಮಾಡಿದ ಹೊಗೆಯ ಲೆಕ್ಕ, ಕೊಳ್ಳಬೇಕು ಅಂತ ಮಾಡಿದ್ರು. ಅಳೆಯೋದು, ವರದಿ ಕೊಡೋದು ಚೆನ್ನಾಗೇ ನಡೀತು. ಆದ್ರೆ 2013ರಲ್ಲಿ ಅಲ್ಲಿನ ಆಡಿಟರ್ ಜನರಲ್ಲೇ ವರದಿ ಕೊಟ್ಟು, ಕೊಂಡಿದ್ದ ಆಫ್‌ಸೆಟ್‌ಗಳಲ್ಲಿ ದೊಡ್ಡ ಪಾಲಿನ ಎರಡು ಪ್ರಾಜೆಕ್ಟು ನಂಬೋ ಹಾಗಿಲ್ಲ, ಅವು ಈ ದುಡ್ಡು ಇಲ್ಲದಿದ್ರೂ ಆಗ್ತಿದ್ದವೇ, ಹಾಗಾಗಿ ಸರ್ಕಾರ ಕಾರ್ಬನ್ ನ್ಯೂಟ್ರಲ್ ಆಗಿದೆ ಅನ್ನೋ ಮಾತು ಸರಿಯಲ್ಲ ಅಂದ್ರು. ಬಾಗಿಲು ಕಿಟಕಿ ರಿಪೇರಿಗೆ ದುಡ್ಡಿಲ್ಲದ ಶಾಲೆಗಳು ಆಫ್‌ಸೆಟ್ಟಿಗೆ ದುಡ್ಡು ಕಟ್ಟಬೇಕಾಯ್ತು ಅಂತ ಅಲ್ಲಿ ದೊಡ್ಡ ತಕರಾರೇ ಆಗಿತ್ತು. ನಮ್ಮಲ್ಲಿ ಆ ದಾರಿ ಬೇಡ. ಜೂನ್ 5ರ ಪರಿಸರ ದಿನಕ್ಕೆ ಸಸಿ ನೆಟ್ಟು ಇಷ್ಟು ಟನ್ ಹೀರಿಕೊಳ್ತು ಅಂತ ಕಳೆಯೋದೂ ಬೇಡ. ಸಸಿ ನೆಡಲಿ, ನೀರು ಹಾಕಿ ಉಳಿಸಲಿ, ಆದ್ರೆ ಡೀಸೆಲ್ ಲೆಕ್ಕದಿಂದ ಅದನ್ನ ಮೈನಸ್ ಮಾಡೋದು ಬೇಡ. ಮೊದಲು ಇರೋ ಹೊಗೆ ಎಷ್ಟು ಅನ್ನೋದು ನಿಖರವಾಗಿ ಗೊತ್ತಾಗಲಿ.

ಕಚೇರಿಗಳು ಉಳಿತಾಯ ಯಾಕೆ ಮಾಡಲ್ಲ ಅನ್ನೋದಕ್ಕೆ ಕಾರಣಾನೂ ಹೇಳ್ತೀನಿ, ಇದನ್ನ ಯಾವ ಕನ್ಸಲ್ಟೆಂಟೂ ತಮಗೆ ಹೇಳಲ್ಲ. ಈ ವರ್ಷ ಕರೆಂಟು ಉಳಿಸಿದ್ರೆ ಅನುದಾನ ಮಾರ್ಚ್ 31ಕ್ಕೆ ಲ್ಯಾಪ್ಸ್, ಮುಂದಿನ ವರ್ಷ ನಿಮಗೆ ಅಷ್ಟು ಬೇಕಾಗಿಲ್ಲ ಅಂತ ಕಟ್. ಉಳಿಸಿದೋನಿಗೆ ಶಿಕ್ಷೆ, ಖರ್ಚು ಮಾಡಿದೋನಿಗೆ ಅನುದಾನ. ಒಂದು ಕಚೇರೀಲಿ 40 ಫ್ಯಾನ್ ಇದಾವೆ ಅಂತ ಇಟ್ಕೊಳ್ಳಿ, ಹಳೇದು 75 ವಾಟು, ಕಡಿಮೆ ಕರೆಂಟಿನ ಹೊಸ ಬಿಎಲ್‌ಡಿಸಿ ಫ್ಯಾನು 30 ವಾಟು. ದಿನಕ್ಕೆ 8 ಗಂಟೆ, ತಿಂಗಳಿಗೆ 25 ದಿನ ಓಡಿದ್ರೆ 360 ಯೂನಿಟ್ ಉಳಿಯುತ್ತೆ, ಅಂದ್ರೆ ತಿಂಗಳಿಗೆ 250 ಕೆಜಿ ಕಾರ್ಬನ್ ಡೈಆಕ್ಸೈಡ್. ನಾಲ್ಕು ವರ್ಷದೊಳಗೆ ಹಾಕಿದ ದುಡ್ಡು ವಾಪಸ್. ಆದ್ರೆ ಫ್ಯಾನ್ ಕೊಳ್ಳೋ ಲೆಕ್ಕಶೀರ್ಷಿಕೆ ಬೇರೆ, ಕರೆಂಟ್ ಬಿಲ್ಲಿನದ್ದು ಬೇರೆ, ಒಂದರಿಂದ ಇನ್ನೊಂದಕ್ಕೆ ದಾಟಿಸೋಕೆ ಮರುವಿನಿಯೋಗ ಆದೇಶ ಬೇಕು, ಅದಕ್ಕೆ ಫೈಲು ಬೆಂಗಳೂರಿಗೆ ಹೋಗಿ ಬರೋಷ್ಟರಲ್ಲಿ ಅಧಿಕಾರಿಗೆ ಟ್ರಾನ್ಸ್‌ಫರ್ ಆಗಿರುತ್ತೆ. ಹಾಗಾಗಿ ಉಳಿಸಿದ ಕರೆಂಟ್ ದುಡ್ಡಲ್ಲಿ ಅರ್ಧದಷ್ಟನ್ನ ಅದೇ ಕಚೇರಿ ತನ್ನ ಫ್ಯಾನು, ಲೈಟು, ವೈರಿಂಗು, ಶೌಚಾಲಯ ರಿಪೇರಿಗೆ ಉಪಯೋಗಿಸ್ಕೋಬಹುದು ಅಂತ ಆರ್ಥಿಕ ಇಲಾಖೆಯಿಂದ ಒಂದು ಆದೇಶ ಮಾಡಿಸಿ. ಜನ ತಾವಾಗೇ ಸ್ವಿಚ್ ಆಫ್ ಮಾಡ್ತಾರೆ.

ಸಿಬ್ಬಂದಿಗೆ ಹೊರೆ ಆಗುತ್ತೆ ಅನ್ನೋ ಮಾತು ಬರುತ್ತೆ, ಅದು ಸುಳ್ಳಲ್ಲ. ಲಕ್ಷಗಟ್ಟಲೆ ಹುದ್ದೆ ಖಾಲಿ ಇವೆ, ಒಬ್ಬ ಎಫ್‌ಡಿಎ ಮೂರು ಜನರ ಕೆಲಸ ಮಾಡ್ತಿದಾನೆ, ದಿನಕ್ಕೊಂದು ಆ್ಯಪು, ವಾರಕ್ಕೊಂದು ವಿಡಿಯೋ ಕಾನ್ಫರೆನ್ಸು. ಅದಕ್ಕೇ ಮತ್ತೆ ಮತ್ತೆ ಹೇಳ್ತೀನಿ, ಕರೆಂಟು ಎಸ್ಕಾಂನಿಂದ ಬರಲಿ, ಇಂಧನ ಖಜಾನೆ-2ರಿಂದ ಬರಲಿ, ಲೆಕ್ಕ ಕೂಡಿಸಿ ತಾಳೆ ನೋಡೋ ಕೆಲಸ ಸರ್ಕಾರದ್ದೇ ಪರಿಸರ ಸಂಶೋಧನಾ ಸಂಸ್ಥೆ ಎಂಪ್ರಿ ಮಾಡಲಿ. ರಾಜ್ಯದ ಹವಾಮಾನ ಕ್ರಿಯಾ ಯೋಜನೆ ತಯಾರಿಸಿದ ಸಂಸ್ಥೆ ಅದೇ ತಾನೇ. ತಾಲ್ಲೂಕು, ಜಿಲ್ಲಾ ಮಟ್ಟದಲ್ಲಿ ಇಲಾಖೆಗಳ ಪ್ರಗತಿ ಪರಿಶೀಲಿಸೋ ಕೆಡಿಪಿ ಸಭೆಯ ಅಜೆಂಡಾದಲ್ಲಿ ಒಂದು ಐಟಂ ಸೇರಿಸಿ, ಕಳೆದ ವರ್ಷ ಇದೇ ತಿಂಗಳು ಎಷ್ಟು, ಈ ವರ್ಷ ಎಷ್ಟು. ಕೆಡಿಪಿಯಲ್ಲಿ ಡಿಸಿ, ಸಿಇಒ ಕೇಳ್ತಾರೆ ಅಂದ್ರೆ ಅಧಿಕಾರಿಗಳು ಅಂಕಿ ಬಾಯಿಪಾಠ ಮಾಡ್ಕೊಂಡೇ ಬರ್ತಾರೆ.

ಬೆಂಗಳೂರಿನದ್ದು ಪ್ರತ್ಯೇಕವಾಗಿ ಒಂದು ಪ್ರಶ್ನೆ ಇದೆ. 2050ಕ್ಕೆ ನಗರ ನೆಟ್ ಜೀರೋ (ಬಿಡೋ ಇಂಗಾಲ, ಹೀರಿಕೊಳ್ಳೋ ಇಂಗಾಲ ಎರಡೂ ಸಮ) ಆಗಬೇಕು ಅಂತ ಬಿಬಿಎಂಪಿ 2023ರ ನವೆಂಬರ್‌ನಲ್ಲಿ ಹವಾಮಾನ ಕ್ರಿಯಾ ಯೋಜನೆ ಬಿಡುಗಡೆ ಮಾಡ್ತು, ಒಳ್ಳೇ ಶ್ರಮ ಹಾಕಿ ಮಾಡಿದ ಯೋಜನೆ. 2025ರ ಸೆಪ್ಟೆಂಬರ್‌ನಲ್ಲಿ ಬಿಬಿಎಂಪಿ ಹೋಗಿ ಐದು ಪಾಲಿಕೆ ಬಂದ್ವು, ಮೇಲೆ ಗ್ರೇಟರ್ ಬೆಂಗಳೂರು ಪ್ರಾಧಿಕಾರ (ಜಿಬಿಎ). ಹಳೇ ಬಿಬಿಎಂಪಿಯ ಬೀದಿ ದೀಪ, ಕಸದ ಲಾರಿ, ಆಸ್ಪತ್ರೆ, ಶಾಲೆ ಎಲ್ಲಾ ಹಂಚಿಕೆ ಆಗುವಾಗ ಅವುಗಳ ಇಂಧನ ಲೆಕ್ಕಾನೂ ಹಂಚಿ ಯಾರ ಯಾರ ಜವಾಬ್ದಾರಿ ಎಷ್ಟು ಅಂತ ಬರೆದಿಡಿ. ಈಗ ಬರೆದಿಡದಿದ್ರೆ ಮುಂದೆ ಹೋಲಿಸಿ ನೋಡೋಕೆ ಹಿಂದಿನ ವರ್ಷದ ಅಂಕಿನೇ ಇರಲ್ಲ.

ಕೇಂದ್ರ 2070ಕ್ಕೆ ನೆಟ್ ಜೀರೋ ಅಂತ ಹೇಳಿದೆ. ನಾನಂತೂ ಆಗ ಇರಲ್ಲ, ತಾವೂ ಆ ಕುರ್ಚಿಯಲ್ಲಿ ಇರಲ್ಲ. ಆದ್ರೆ 2025-26ರ ಲೆಕ್ಕ ಕೊಡೋಕೆ ಈಗಿರೋರೇ ಬೇಕು. ಮೊದಲ ವರ್ಷ ಗುರಿ ಗಿರಿ ಏನೂ ಬೇಡ, ಯಾರನ್ನೂ ಬೈಯೋದೂ ಬೇಡ, ಅಳೆದು ಪ್ರಕಟ ಮಾಡಲಿ ಸಾಕು. ಎರಡನೇ ವರ್ಷ ಪ್ರತಿ ಸಂಸ್ಥೆ ತನ್ನ ಗುರಿ ತಾನೇ ಹೇಳಲಿ. ಮೊದಲು ಕೆಪಿಸಿಎಲ್, ಕೆಪಿಟಿಸಿಎಲ್, ಐದು ಎಸ್ಕಾಂ, ನಾಲ್ಕು ಸಾರಿಗೆ ನಿಗಮ, ಬಿಡಬ್ಲ್ಯುಎಸ್‌ಎಸ್‌ಬಿ ಇಷ್ಟಕ್ಕೆ ಕಡ್ಡಾಯ ಮಾಡಿ, ಆಮೇಲೆ ಸಚಿವಾಲಯದ ಇಲಾಖೆಗಳು, ಜಿಲ್ಲಾ ಕಚೇರಿಗಳು, ಪಂಚಾಯಿತಿಗಳು ಕೊನೆಗೆ.

ಸುತ್ತೋಲೆಗೆ ಬೇಕಾದ ನಮೂನೆ ನಾನೇ ಒಂದು ಪುಟದಲ್ಲಿ ತಯಾರು ಮಾಡಿಟ್ಟಿದೀನಿ. ಕಚೇರಿ ಹೆಸರು, ಡಿಡಿಓ ಕೋಡ್, ಆರ್.ಆರ್. ನಂಬರ್‌ಗಳು, ತಿಂಗಳವಾರು ಯೂನಿಟ್, ಸ್ವಂತ ವಾಹನದ ಲೀಟರ್, ಬಾಡಿಗೆ ವಾಹನದ ಲೀಟರ್, ಜನರೇಟರ್ ಲೀಟರ್, ಗ್ಯಾಸ್ ಸಿಲಿಂಡರ್, ಷರಾ. ಒಂಬತ್ತು ಕಾಲಂ. ತಮ್ಮ ಕಚೇರಿಯ ಟಪಾಲಿಗೂ ಇದರ ಪ್ರತಿ ಕೊಟ್ಟು ಸ್ವೀಕೃತಿ ತಗೊಂಡಿದೀನಿ. ಮಾರ್ಚ್ ಒಳಗೆ ಸುತ್ತೋಲೆ ಹೊರಟ್ರೆ ಏಪ್ರಿಲ್ 1ರ ಮೊದಲ ಬಿಲ್ಲಿಂದಲೇ ಲೀಟರ್ ಕಾಲಂ ತುಂಬೋಕೆ ಶುರು ಮಾಡಬಹುದು.

ಇಂತಿ ತಮ್ಮ ವಿಶ್ವಾಸಿ,
ಒಬ್ಬ ನಿವೃತ್ತ ಅಕೌಂಟ್ಸ್ ಸೂಪರಿಂಟೆಂಡೆಂಟ್